ತಡೆಗೋಡೆ ಕುಸಿದಾಗ ಲೆಕ್ಕಕ್ಕೆ ಬಾರದವರು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಪೇಪರಿನಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ರಸ್ತೆ ಬದಿಯ ತಡೆಗೋಡೆ ಕುಸಿಯಿತು, ವಾಹನ ಸಂಚಾರ ಬಂದ್, ಬದಲಿ ಮಾರ್ಗ ಹೀಗಿದೆ. ಒಂದು ವರ್ಷ ತೀರ್ಥಹಳ್ಳಿ ಕಡೆ, ಇನ್ನೊಂದು ವರ್ಷ ಹೊಸನಗರದ ಕಡೆ, ಮತ್ತೊಂದು ವರ್ಷ ಸಾಗರದ ಕಡೆ. ಊರಿನ ಹೆಸರು ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ. 2022ರ ಜುಲೈನಲ್ಲಿ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತಿತು. 2024ರ ಮಳೆಗಾಲದಲ್ಲಿ ತೀರ್ಥಹಳ್ಳಿಯ ಬಾಳೇಬೈಲಿನಲ್ಲಿ ಹೊಸ ಬೈಪಾಸ್ ರಸ್ತೆಯ ತಡೆಗೋಡೆಯೇ ಕುಸಿಯಿತು. ಹೊಸನಗರ ತಾಲ್ಲೂಕಿನ ಬಾಳೆಬರೆ ಘಾಟಿ, ಅಂದರೆ ನಾವು ಹುಲಿಕಲ್ ಘಾಟಿ ಅನ್ನುವುದು, ಕುಸಿತಕ್ಕೂ ದುರಸ್ತಿಗೂ ಎಷ್ಟು ಸಲ ಮುಚ್ಚಿತೋ ತೆರೆಯಿತೋ ಆ ದಾರಿಯ ಜನಕ್ಕೇ ಲೆಕ್ಕ ತಪ್ಪಿದೆ.

ಗೋಡೆ ಕುಸಿದ ಮೇಲೆ ಜಿಲ್ಲಾಡಳಿತದಿಂದ ಆದೇಶ ಹೊರಡುತ್ತದೆ. ಅದನ್ನು ಒಮ್ಮೆ ಪೂರ್ತಿ ಓದಿ ನೋಡಿ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ, ಕರ್ನಾಟಕ ಮೋಟಾರು ವಾಹನ ನಿಯಮ 1989ರ 221(ಎ)(5) ಪ್ರಕಾರ ಅಂತ ಶುರುವಾಗುತ್ತದೆ. ಆಗುಂಬೆ ಮುಚ್ಚಿದರೆ ಲಘು ವಾಹನಗಳು ಶೃಂಗೇರಿ, ಎಸ್.ಕೆ. ಬಾರ್ಡರ್, ಕಾರ್ಕಳದ ಮೇಲೆ ಹೋಗಬೇಕು. ಭಾರೀ ವಾಹನಗಳು ಮಾಸ್ತಿಕಟ್ಟೆ, ಹುಲಿಕಲ್, ಹೊಸಂಗಡಿ, ಸಿದ್ದಾಪುರದ ಮೇಲೆ ಹೋಗಬೇಕು. ಲಾರಿಗೆ ಒಂದು ದಾರಿ, ಕಾರಿಗೆ ಒಂದು ದಾರಿ. ಸರಿ. ಕಾಲಲ್ಲಿ ನಡೆಯುವವನಿಗೆ ಯಾವ ದಾರಿ? ನಾವು ಓದಿದ ಆದೇಶಗಳಲ್ಲಿ ಅದು ಇಲ್ಲ. ಗೋಡೆಯ ಕೆಳಗೆ ಮನೆ ಮಾಡಿಕೊಂಡವರು ಆ ರಾತ್ರಿ ಎಲ್ಲಿ ಮಲಗಬೇಕು? ಅದೂ ಇಲ್ಲ. ಬಿದ್ದ ಮಣ್ಣು ಬಾಚಲು ಮಳೆಯಲ್ಲಿ ಧರೆಯ ಬುಡಕ್ಕೆ ಇಳಿಯುವ ಕೂಲಿಯವನ ಜೀವಕ್ಕೆ ಯಾರು ಹೊಣೆ? ಅದಂತೂ ಇಲ್ಲವೇ ಇಲ್ಲ.

ನಾವು ಹೇಳಬೇಕಾದ ಮಾತು ಇಷ್ಟೆ. ತಡೆಗೋಡೆ ಎರಡನ್ನು ಕಾಯುತ್ತದೆ. ಮೇಲಿನ ರಸ್ತೆ ಒಂದು, ಕೆಳಗಿನ ಜನ ಇನ್ನೊಂದು. ಸರ್ಕಾರದ ಎಸ್ಟಿಮೇಟಿನಲ್ಲಿ ರಸ್ತೆ ಮಾತ್ರ ಇದೆ. ಕೆಳಗಿನ ಜನವನ್ನೂ ಕಟ್ಟುವ ಜನವನ್ನೂ ಲೆಕ್ಕಕ್ಕೆ ಸೇರಿಸುವ ತನಕ ಯಾವ ದುರಸ್ತಿಯೂ ದುರಸ್ತಿ ಅಲ್ಲ.

ಗೋಡೆ ಯಾಕೆ ಬೀಳುತ್ತದೆ ಅಂತ ಮೊದಲು ತಿಳಿಯೋಣ. ಯಾಕೆಂದರೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಪ್ರಕೃತಿ ವಿಕೋಪ ಕಣ್ರೀ, ನಾವೇನು ಮಾಡೋಕಾಗುತ್ತೆ?" ಮಳೆಯ ಮೇಲೆ ತಪ್ಪು ಹಾಕುವುದು ಸುಲಭ. ಮಳೆ ಬಿಲ್ಲು ಕೇಳುವುದಿಲ್ಲ, ಕೋರ್ಟಿಗೆ ಹೋಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಅನ್ನುವುದು ಶಾಲೆ ಪುಸ್ತಕದಲ್ಲೇ ಇರುವ ಸಂಗತಿ. ಹುಲಿಕಲ್ಲೂ ಅದಕ್ಕೆ ಕಡಿಮೆ ಇಲ್ಲ. ಮಳೆ ಬರುತ್ತದೆ ಅಂತ ಗೊತ್ತಿದ್ದ ಊರಿನಲ್ಲಿ ಮಳೆಗೆ ಬೀಳುವ ಗೋಡೆ ಕಟ್ಟಿದವರು ಯಾರು?

ನಮ್ಮ ಕಲ್ಲುಕೆಲಸದ ಹಿರಿಯರನ್ನು ಕೇಳಿ, ಓದದಿದ್ದರೂ ಹೇಳ್ತಾರೆ. ಗೋಡೆಯನ್ನು ಕೆಡವುವುದು ಬರೀ ಮಣ್ಣಲ್ಲ, ಹಿಂದೆ ನಿಂತ ನೀರು. ಇಂಜಿನಿಯರ ಲೆಕ್ಕವೂ ಅದನ್ನೇ ಹೇಳುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. 5 ಮೀಟರ್ ಎತ್ತರದ ಗೋಡೆಯ ಹಿಂದೆ ಬರೀ ಒಣಮಣ್ಣು ಇದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಏಳೆಂಟು ಟನ್ ನೂಕು ಬೀಳುತ್ತದೆ. ಅದೇ ಮಣ್ಣಿನಲ್ಲಿ ನೀರು ತಲೆಮಟ್ಟ ತುಂಬಿದರೆ ನೀರಿನದೇ ಹನ್ನೆರಡೂವರೆ ಟನ್, ಮಣ್ಣಿನದು ಬೇರೆ. ಒಟ್ಟು ನೂಕು ಎರಡರಷ್ಟನ್ನು ದಾಟುತ್ತದೆ. ಗೋಡೆ ಎಷ್ಟು ದಪ್ಪ ಇದ್ದರೇನು, ನೀರಿಗೆ ದಾರಿ ಇಲ್ಲದಿದ್ದರೆ ಒಂದು ದಿನ ಅದು ಹೊಟ್ಟೆ ಉಬ್ಬಿಸಿಕೊಂಡು ಮುಂದಕ್ಕೆ ಬೀಳಲೇಬೇಕು.

ಆದ್ದರಿಂದಲೇ ಗೋಡೆಯಲ್ಲಿ ಸಾಲಾಗಿ ತೂತು ಬಿಡುತ್ತಾರೆ. ಇಂಜಿನಿಯರರು ವೀಪ್‌ಹೋಲ್ ಅನ್ನುತ್ತಾರೆ. ಗೋಡೆಯ ಬೆನ್ನಿಗೆ ಎರಡಡಿ ದಪ್ಪ ಕಲ್ಲು ಮತ್ತು ಜಲ್ಲಿಯ ಪದರ ತುಂಬಬೇಕು. ಆಗ ನೀರು ಸೋಸಿ ಬಂದು ತೂತಿನಿಂದ ಹೊರಗೆ ಹೋಗುತ್ತದೆ, ಮಣ್ಣು ಒಳಗೇ ನಿಲ್ಲುತ್ತದೆ. ಮೇಲೆ ಗುಡ್ಡದ ಬದಿಗೆ ಚರಂಡಿ, ಅಲ್ಲಲ್ಲಿ ರಸ್ತೆ ಅಡಿಗೆ ಮೋರಿ, ಮೋರಿಯ ನೀರು ಬೀಳುವ ಕಡೆ ಕಲ್ಲು ಹಾಸು. ಗೋಡೆಯ ಬುಡ ಗಟ್ಟಿ ನೆಲ ಮುಟ್ಟಿರಬೇಕು. ಇದರಲ್ಲಿ ಅಮೆರಿಕದಿಂದ ತರಬೇಕಾದ್ದು ಏನೂ ಇಲ್ಲ. ಎಲ್ಲ ಎಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಡುವ ಪಾಠ.

ನೆಲದ ಮೇಲೆ ಆಗುವುದೇನು? ಮಳೆಗಾಲಕ್ಕೆ ಮುಂಚೆ ಬಿಲ್ಲು ಆಗಬೇಕು ಅಂತ ಅವಸರ. ಕಲ್ಲು, ಜಲ್ಲಿಗೆ ದುಡ್ಡು ಬೀಳುತ್ತದೆ ಅಂತ ಅಗೆದ ಕೆಮ್ಮಣ್ಣನ್ನೇ ಜೆಸಿಬಿಯಲ್ಲಿ ಹಿಂದಕ್ಕೆ ನೂಕುತ್ತಾರೆ. ತೂತಿಗೆ ಇಟ್ಟ ಪೈಪು ಆ ಜೇಡಿಯಲ್ಲಿ ಮುಚ್ಚಿಹೋಗುತ್ತದೆ. ಗೋಡೆಯ ಮುಂದೆ ನಿಂತು ನೋಡಿದರೆ ಪೈಪು ಕಾಣುತ್ತದೆ, ಫೋಟೋಕ್ಕೂ ಕಾಣುತ್ತದೆ, ಬಿಲ್ಲೂ ಆಗುತ್ತದೆ. ಜೋರು ಮಳೆಯ ದಿನ ಆ ಪೈಪಿನಿಂದ ಒಂದು ಹನಿ ನೀರು ಬರುತ್ತಿಲ್ಲ ಅಂದರೆ ತಿಳಿಯಿರಿ, ಗೋಡೆ ಹಿಂದೆ ಕೆರೆ ಕಟ್ಟುತ್ತಿದೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದು ಬಿಟ್ಟಲ್ಲಿ ಇನ್ನೂ ಕಷ್ಟ. ಮೇಲಿನ ಧರೆಯೂ ಜಾರುತ್ತದೆ, ಕೆಳಗಿನ ಗೋಡೆಯೂ ಜಾರುತ್ತದೆ.

ಇನ್ನು ಕೆಳಗೆ ಇರುವವರು ಯಾರು? ಅಡಿಕೆ ತೋಟದ ಮಾಲೀಕನ ಮನೆ ಅಲ್ಲಿ ಇರುವುದಿಲ್ಲ. ಅವನ ಮನೆ ತಲತಲಾಂತರದಿಂದ ಗಟ್ಟಿ ಜಾಗ ಹಿಡಿದಿದೆ. ಗದ್ದೆ ಅವನದು, ತೋಟ ಅವನದು, ತೋಟಕ್ಕೆ ಸೊಪ್ಪು ತರುವ ಬೆಟ್ಟವೂ ಅವನ ಲೆಕ್ಕಕ್ಕೇ. ಉಳಿದ ಗುಡ್ಡ ಫಾರೆಸ್ಟಿನವರದು. ಭೂಮಿ ಇಲ್ಲದ ಹೊಲೆಯ ಮಾದಿಗರಿಗೆ, ಹಸಲರಿಗೆ, ಕೂಲಿಗೆ ಬಂದು ನೆಲೆನಿಂತ ಭೋವಿ ಲಂಬಾಣಿಗಳಿಗೆ ಉಳಿಯುವುದು ಯಾವ ಜಾಗ? ರಸ್ತೆ ಅಂಚು, ಧರೆ ಬುಡ, ಹಳ್ಳದ ದಂಡೆ. ಯಾರಿಗೂ ಬೇಡದ ಜಾಗ. ಶರಾವತಿಗೆ ಅಣೆಕಟ್ಟು ಕಟ್ಟಿ 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಸಾಗರ, ಹೊಸನಗರದ ಊರೂರೇ ಮುಳುಗಿತು. ಪಟ್ಟೆ ಇದ್ದವರಿಗೆ ಕಾಗದದ ಮೇಲಾದರೂ ಪರಿಹಾರ ಕೇಳುವ ದಾರಿ ಇತ್ತು. ಪರರ ಜಮೀನಿನಲ್ಲಿ ಗೇಯುತ್ತಿದ್ದ ಆಳು ಯಾವ ಪಟ್ಟೆ ತೋರಿಸಬೇಕಿತ್ತು? ಹಾಗೆ ಎದ್ದುಬಂದವರು ಇವತ್ತಿಗೂ ಕಾಡಂಚು, ರಸ್ತೆ ಅಂಚಿನಲ್ಲಿ ಹಕ್ಕುಪತ್ರಕ್ಕೆ ಕಾಯ್ತಾ ಇದ್ದಾರೆ. 94-ಸಿ ಅರ್ಜಿ ಕೊಟ್ಟು ಚಪ್ಪಲಿ ಸವೆದವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು, ಕೇಳಿ ನೋಡಿ.

ಇಂಥವರ ಮನೆ ಮೇಲೆ ಗೋಡೆ ಬಿದ್ದರೆ ಷರಾ ಸಿದ್ಧವಾಗಿರುತ್ತದೆ: "ಅನಧಿಕೃತ ಮನೆ." ಮನೆ ಅನಧಿಕೃತವಂತೆ. ಗೋಡೆ ಅಧಿಕೃತವಲ್ಲವೇ? ಟೆಂಡರು ಕರೆದು, ಅಳತೆ ಪುಸ್ತಕ ಬರೆದು, ಸಹಿ ಹಾಕಿ ಕಟ್ಟಿದ ಗೋಡೆ ತಾನೇ ಬಿದ್ದದ್ದು?

ಇದು ಹೆದರಿಸುವ ಮಾತಲ್ಲ. 2019ರ ಡಿಸೆಂಬರ್ 2ರ ಬೆಳಗಿನ ಜಾವ ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳ್ಯದ ಹತ್ತಿರ ನಡೂರಿನಲ್ಲಿ ಏನಾಯಿತು ಅಂತ ನೆನೆಯಿರಿ. ಒಬ್ಬ ಧನಿಕ ತನ್ನ ಮನೆಗೂ ಅರುಂಧತಿಯರ ಕೇರಿಗೂ ನಡುವೆ ಸುಮಾರು 20 ಅಡಿ ಎತ್ತರದ ಕಲ್ಲಿನ ಗೋಡೆ ಎಬ್ಬಿಸಿದ್ದ. ಅಪಾಯ ಇದೆ ಅಂತ ಕೇರಿಯವರು ಮೊದಲೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಯಲ್ಲಿ ನೆನೆದ ಗೋಡೆ ಮಲಗಿದ್ದವರ ಮೇಲೆ ಬಿತ್ತು. ಸತ್ತವರು 17 ಜನ, ಎಲ್ಲರೂ ದಲಿತರು. ಅದು ರಸ್ತೆಯ ಗೋಡೆ ಅಲ್ಲ, ಖಾಸಗಿ ಗೋಡೆ, ನಿಜ. ಆದರೆ ಮೇಲೆ ಯಾರು, ಕೆಳಗೆ ಯಾರು ಅನ್ನುವುದು ಅಲ್ಲೂ ಜಾತಿಯೇ ನಿರ್ಧರಿಸಿತ್ತು, ಇಲ್ಲೂ ಜಾತಿಯೇ ನಿರ್ಧರಿಸಿದೆ.

ನಮ್ಮ ಪಕ್ಕದ ಜಿಲ್ಲೆಗೆ ಬನ್ನಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜಾರಿತು. ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಮಣ್ಣಿನಡಿ ಹೋಯಿತು. ಗಂಗಾವಳಿ ನದಿಗೆ ಬಿದ್ದ ಮಣ್ಣು ನೀರನ್ನು ಎತ್ತಿ ಹೊಡೆದ ಹೊಡೆತಕ್ಕೆ ಆಚೆ ದಡದ ಉಳುವರೆಯ ಮನೆಗಳೂ ನೆಲಸಮವಾದವು. ರಸ್ತೆಗೂ ಉಳುವರೆಗೂ ನಡುವೆ ಒಂದು ಹೊಳೆಯೇ ಇತ್ತು, ಆದರೂ ಉಳಿಯಲಿಲ್ಲ. ನಮ್ಮ ಕೇರಿಗಳಿಗೂ ರಸ್ತೆಗೂ ನಡುವೆ ಇರುವುದು ಒಂದು ಗೋಡೆ ಮಾತ್ರ.

ಕಟ್ಟುವವರ ಮಾತಿಗೆ ಬರೋಣ. ಈ ಘಾಟಿಗಳ ಕಲ್ಲು ಒಡೆದವರು ಯಾರು? ಭೋವಿಗಳು. ಮಣ್ಣು ಹೊತ್ತವರು ಯಾರು? ನಮ್ಮ ಹೆಣ್ಣುಮಕ್ಕಳು. ಆಗುಂಬೆಯ 14 ತಿರುವುಗಳಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡುವವರಿಗೆ ಆ ತಿರುವಿನ ಕಟ್ಟೆಯ ಕಲ್ಲು ಕಾಣುವುದಿಲ್ಲ. ಇವತ್ತು ಜೆಸಿಬಿ ಬಂದಿದೆ, ನಿಜ. ಆದರೆ ಜೆಸಿಬಿ ಅಗೆದ ಮೇಲೆ ಕುಸಿಯುವ ಧರೆಯ ಬುಡಕ್ಕೆ ಇಳಿದು ಸರಳು ಕಟ್ಟುವವನು, ಸೆಂಟರಿಂಗ್ ಹೊಡೆಯುವವನು, ಕಾಂಕ್ರೀಟ್ ಸುರಿಯುವವನು ಮನುಷ್ಯನೇ. ಬಡಗಣ ಜಿಲ್ಲೆಗಳಿಂದ, ದೂರದ ರಾಜ್ಯಗಳಿಂದ ಬಂದ ಬಡವರು, ನಮ್ಮೂರಿನ ದಿನಗೂಲಿಗಳು. ತಲೆಗೆ ಹೆಲ್ಮೆಟ್ ಇಲ್ಲ, ಮೇಲಿನ ಮಣ್ಣಿಗೆ ಆಧಾರ ಇಲ್ಲ. "ಬೇಗ ಬೇಗ, ರಸ್ತೆ ಬಿಡಬೇಕು" ಅನ್ನುವ ಮೇಸ್ತ್ರಿ ಮಾತ್ರ ಇದ್ದಾನೆ. ಮಣ್ಣು ಕುಸಿದು ಕೂಲಿಕಾರರು ಸತ್ತ ಸುದ್ದಿ ಪೇಪರಿನಲ್ಲಿ ನಾಲ್ಕು ಸಾಲು ಬಂದು ಮುಗಿಯುತ್ತದೆ.

ಕಾನೂನು ಇಲ್ಲವೇ ಅಂದರೆ ಇದೆ. ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂತು. ಕಾಮಗಾರಿಯ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಹಿಡಿದು ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟುತ್ತಾರೆ. ವರ್ಷದಲ್ಲಿ 90 ದಿನ ದುಡಿದವನು ನೋಂದಣಿ ಮಾಡಿಸಿಕೊಳ್ಳಬಹುದು. ಹಣ ಹಿಡಿಯುವುದು ತಪ್ಪುವುದಿಲ್ಲ. ಆದರೆ ಆ ಗೋಡೆ ಕಟ್ಟಿದ ಕೂಲಿಯವನಿಗೆ 90 ದಿನದ ಸರ್ಟಿಫಿಕೇಟಿಗೆ ಸಹಿ ಹಾಕು ಅಂದರೆ ಕಂಟ್ರಾಕ್ಟರು "ನೀನ್ಯಾರು?" ಅಂತಾನೆ.

ಇನ್ನು ಸಂಚಾರ ಅಸ್ತವ್ಯಸ್ತ. ಯಾರಿಗೆ ಅಸ್ತವ್ಯಸ್ತ? ಕಾರಿದ್ದವನು ಬಳಸುದಾರಿಯಲ್ಲಿ ಎರಡು ಗಂಟೆ ತಡವಾಗಿ ಹೋಗಿ ಸೇರುತ್ತಾನೆ, ಪೆಟ್ರೋಲು ಸುಟ್ಟಿತು ಅಂತ ಗೊಣಗುತ್ತಾನೆ. ಬಸ್ಸು ನಂಬಿದವನಿಗೆ ಆ ದಿನವೇ ಇಲ್ಲ. ನಮ್ಮ ಮೂರು ತಾಲ್ಲೂಕಿನಲ್ಲೂ ಒಳಊರುಗಳಿಗೆ ಖಾಸಗಿ ಬಸ್ಸೇ ಗತಿ. ಬಳಸುದಾರಿಯಲ್ಲಿ ಡೀಸೆಲ್ಲು ಗಿಟ್ಟುವುದಿಲ್ಲ ಅಂತ ಮಾಲೀಕ ಟ್ರಿಪ್ಪನ್ನೇ ನಿಲ್ಲಿಸುತ್ತಾನೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸಂತೋಷ. ಸರ್ಕಾರಿ ಬಸ್ಸೇ ಬಾರದ ಊರಿಗೆ ಅದು ಬರೀ ಬೋರ್ಡು. ತೋಟದ ಕೆಲಸಕ್ಕೆ ಹೋಗುವವಳು ಬಸ್ಸು ತಪ್ಪಿದರೆ ಆ ದಿನದ ಕೂಲಿ ಹೋಯಿತು. ಹಾಸ್ಟೆಲಿಗೆ, ಹೈಸ್ಕೂಲಿಗೆ ಹೋಗುವ ಮಕ್ಕಳು ಕುಸಿದ ಜಾಗವನ್ನು ಮಣ್ಣು ತುಳಿದುಕೊಂಡೇ ದಾಟುತ್ತಾರೆ. ಮಣಿಪಾಲದ ಆಸ್ಪತ್ರೆಗೆ ಹೋಗಲು ತೀರ್ಥಹಳ್ಳಿ ಹೊಸನಗರದ ಜನಕ್ಕೆ ಈ ಘಾಟಿಗಳೇ ದಾರಿ. ದಾರಿ ಮುಚ್ಚಿದ ರಾತ್ರಿ ಹೆರಿಗೆ ನೋವು ಬಂದ ಬಡವಿಗೆ ಬಾಡಿಗೆ ಕಾರಿನವನು ಬಳಸುದಾರಿಯ ರೇಟು ಹೇಳುತ್ತಾನೆ. ಆ ರೇಟು ಕೇಳಿಯೇ ಅರ್ಧ ಜನ ಮನೆಯಲ್ಲೇ ಉಳಿಯುತ್ತಾರೆ.

ರಸ್ತೆಯ ದುಡ್ಡಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪರಿಶಿಷ್ಟರ ಉಪಯೋಜನೆಯ ಹಣ ಪರಿಶಿಷ್ಟರಿಗೇ ಖರ್ಚಾಗಬೇಕು ಅಂತ 2013ರಲ್ಲಿ ಕರ್ನಾಟಕದಲ್ಲಿ ಕಾಯ್ದೆ ಆಯಿತು. ಅದೇ ಕಾಯ್ದೆಯೊಳಗೆ 7(ಡಿ) ಅಂತ ಒಂದು ಕಿಂಡಿ ಇಟ್ಟರು. ರಸ್ತೆಯಂಥ ಎಲ್ಲರಿಗೂ ಸೇರಿದ ಕಾಮಗಾರಿಗೆ ಹಾಕಿದ ಹಣದಲ್ಲೂ ಒಂದು ಪಾಲನ್ನು ದಲಿತರಿಗೆ ಖರ್ಚಾದಂತೆ ಬರೆದುಕೊಳ್ಳಬಹುದು ಅನ್ನುವ ಕಿಂಡಿ. ದಲಿತ ಸಂಘಟನೆಗಳು ಕೂಗಿ ಕೂಗಿ 2023ರಲ್ಲಿ ಆ ಕಲಂ ತೆಗೆಸಿದವು. ಹತ್ತು ವರ್ಷ ನಮ್ಮ ಹೆಸರಿನಲ್ಲಿ ಲೆಕ್ಕ ಬರೆಯುವಾಗ ರಸ್ತೆ ನಮ್ಮದೂ ಆಗಿತ್ತು. ಅದೇ ರಸ್ತೆಯ ಗೋಡೆ ನಮ್ಮ ಮನೆ ಮೇಲೆ ಬಿದ್ದಾಗ ನಾವು ಅನಧಿಕೃತರಾಗುತ್ತೇವೆ. ಇದೆಂಥಾ ಲೆಕ್ಕ ಸ್ವಾಮಿ?

ನಮ್ಮವರಲ್ಲೇ ಕೆಲವು ಗೆಳೆಯರು ಕೇಳ್ತಾರೆ: "ಭೂಮಿ ಕೇಳೋಣ, ಮೀಸಲಾತಿ ಕೇಳೋಣ. ಗೋಡೆ, ಚರಂಡಿ ಅಂತ ಯಾಕೆ ಕೂರಬೇಕು? ಅದು ಇಂಜಿನಿಯರ ಕೆಲಸ." ಭೂಮಿ ಕೇಳಲೇಬೇಕು. ಭೂಮಿ ಇದ್ದಿದ್ದರೆ ನಾವು ಧರೆ ಬುಡದಲ್ಲಿ ಇರುತ್ತಿರಲಿಲ್ಲ. ಆದರೆ ರಸ್ತೆಯ ಪ್ರಶ್ನೆ ನಮಗೆ ಹೊಸದಲ್ಲ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವರ ಗುಡಿ ಒಳಗೆ ಹೋಗಲು ಅಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲು. ನಾಯಿ ನಡೆಯುವ ರಸ್ತೆಯಲ್ಲಿ ಮನುಷ್ಯ ನಡೆಯಬಾರದು ಅನ್ನುವ ಕಾಲ ಅದು. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿದ್ದು ಬಂದ ಸಂವಿಧಾನದ 15ನೇ ವಿಧಿಯ 2ನೇ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆ ಅನ್ನುವ ಮಾತೂ ಇದೆ. ರಸ್ತೆಯ ಮೇಲೆ ನಡೆಯುವ ಹಕ್ಕಿಗೆ ನಮ್ಮ ಹಿರಿಯರು ಏಟು ತಿಂದರು. ರಸ್ತೆಯ ಕೆಳಗೆ ಸಾಯದೆ ಬದುಕುವ ಹಕ್ಕನ್ನು ನಾವು ಕೇಳದೆ ಇನ್ನಾರು ಕೇಳಬೇಕು? ಇಂಜಿನಿಯರ ಕೆಲಸ ಇಂಜಿನಿಯರು ಮಾಡಲಿ. ಅದು ಯಾರಿಗಾಗಿ ಅಂತ ಹೇಳುವುದು ನಮ್ಮ ಕೆಲಸ.

ನಮ್ಮ ಒತ್ತಾಯಗಳು ಇವು:

1. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತಡೆಗೋಡೆಯ ಕೆಳಗೆ, ಧರೆಯ ಬುಡದಲ್ಲಿ ಇರುವ ಪ್ರತಿ ಮನೆಯ ಪಟ್ಟಿ ಮಳೆಗಾಲಕ್ಕೆ ಮುಂಚೆ ಆಗಬೇಕು. ಹಕ್ಕುಪತ್ರ ಇದೆಯೋ ಇಲ್ಲವೋ ಅಂತ ನೋಡಿ ಪಟ್ಟಿ ಮಾಡಕೂಡದು. ಗೋಡೆ ಬೀಳುವಾಗ ಹಕ್ಕುಪತ್ರ ಕೇಳುವುದಿಲ್ಲ.

2. ಅಪಾಯದ ಜಾಗದಲ್ಲಿ ಇರುವವರಿಗೆ ಅದೇ ಪಂಚಾಯಿತಿಯೊಳಗೆ ಗಟ್ಟಿ ನಿವೇಶನ ಕೊಡಬೇಕು. ಮೊದಲು ನಿವೇಶನ, ಆಮೇಲೆ ಎಬ್ಬಿಸುವ ಮಾತು. ಅಪಾಯ ಅನ್ನುವ ನೆಪದಲ್ಲಿ ಕೇರಿಯನ್ನೇ ಓಡಿಸಲು ನಾವು ಬಿಡುವುದಿಲ್ಲ.

3. ಕುಸಿದ ಗೋಡೆ ಗುತ್ತಿಗೆದಾರನ ಹೊಣೆಯ ಅವಧಿಯೊಳಗೇ ಬಿದ್ದಿದ್ದರೆ ಅವನ ಖರ್ಚಿನಲ್ಲೇ ಕಟ್ಟಿಸಬೇಕು. ಹೊಸ ಟೆಂಡರು ಕರೆದು ಎರಡನೇ ಸಲ ಜನರ ಹಣ ಸುರಿಯಬಾರದು. ಅಳತೆ ಪುಸ್ತಕಕ್ಕೆ ಸಹಿ ಹಾಕಿದವರೂ ಉತ್ತರ ಕೊಡಬೇಕು.

4. ಗೋಡೆಯ ಬೆನ್ನಿಗೆ ಕಲ್ಲು, ಜಲ್ಲಿ ತುಂಬುವ ದಿನ ಪಂಚಾಯಿತಿಗೆ ತಿಳಿಸಿ, ಕೆಳಗಿನ ಮನೆಯವರ ಎದುರಿಗೇ ತುಂಬಬೇಕು. ಮುಚ್ಚಿದ ಮೇಲೆ ಒಳಗಿದ್ದದ್ದು ಯಾರಿಗೂ ಕಾಣುವುದಿಲ್ಲ.

5. ಧರೆಯ ಬುಡದಲ್ಲಿ ಕೆಲಸ ಮಾಡುವಾಗ ಮೇಲಿನ ಮಣ್ಣಿಗೆ ಆಧಾರ ಕೊಡಬೇಕು. ಜೋರು ಮಳೆಯಲ್ಲಿ ಕೆಲಸ ನಿಲ್ಲಿಸಬೇಕು, ನಿಲ್ಲಿಸಿದ ದಿನದ ಕೂಲಿ ಕೊಡಬೇಕು. ಎಲ್ಲ ಕಾರ್ಮಿಕರ ನೋಂದಣಿ ಆಗಬೇಕು.

6. ರಸ್ತೆ ಮುಚ್ಚುವ ಆದೇಶದಲ್ಲೇ ನಡೆದು ಹೋಗುವವರ ದಾರಿ ಬರೆದಿರಬೇಕು. ಕುಸಿದ ಜಾಗದ ಎರಡೂ ಬದಿಯಲ್ಲಿ ಸರ್ಕಾರಿ ಬಸ್ಸು ನಿಲ್ಲಿಸಿ, ನಡುವಿನ ಅಷ್ಟು ದೂರಕ್ಕೆ ಬೇಲಿ, ಬೆಳಕು ಇರುವ ಕಾಲುದಾರಿ ಮಾಡಬೇಕು. ಅದು ಸಾಧ್ಯವಿಲ್ಲದ ಕಡೆ ಬಳಸುದಾರಿಯಲ್ಲಾದರೂ ಸರ್ಕಾರಿ ಬಸ್ಸು ಓಡಿಸಬೇಕು. ಒಂದು ಆಂಬುಲೆನ್ಸ್ ಘಾಟಿಯ ಮೇಲೆ, ಒಂದು ಕೆಳಗೆ ಕಾದಿರಬೇಕು.

ಬಂಧುಗಳೇ, ಸರ್ಕಾರಕ್ಕೆ ಒತ್ತಾಯ ಬರೆದು ಕೈ ಕಟ್ಟಿ ಕೂತರೆ ಆಗದು. ಮುಂದಿನ ಗ್ರಾಮಸಭೆಗೆ ಹೋಗಿ. ನಿಮ್ಮ ಕೇರಿಯ ಮೇಲಿನ ಗೋಡೆಯ ಹೆಸರು ಹೇಳಿ ನಡಾವಳಿಯಲ್ಲಿ ಬರೆಸಿ. ಬರೆಯುವ ತನಕ ಏಳಬೇಡಿ. ಗೋಡೆ ಹೊಟ್ಟೆ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ಮಳೆಯಲ್ಲಿ ತೂತಿನಿಂದ ನೀರು ಬರುತ್ತಿದೆಯೇ, ರಸ್ತೆಯ ಅಂಚಿನಲ್ಲಿ ಉದ್ದಕ್ಕೆ ಸೀಳು ಬಿದ್ದಿದೆಯೇ ಅಂತ ನೀವೇ ನೋಡಿ. ಫೋಟೋ ತೆಗೆದು ತಾರೀಕು ಹಾಕಿ ಇಟ್ಟುಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಎಸ್ಟಿಮೇಟು, ಅಳತೆ ಪುಸ್ತಕ, ಗುತ್ತಿಗೆಯ ಕರಾರು ಕೇಳಿ. ಬರೆಯಲು ಬಾರದವರು ಕೇರಿಯ ಓದಿದ ಹುಡುಗ ಹುಡುಗಿಯರ ಕೈಲಿ ಬರೆಸಿ. ಬಿಪಿಎಲ್ ಕಾರ್ಡು ಇದ್ದವರಿಗೆ ಆ ಹತ್ತು ರೂಪಾಯಿಯೂ ಇಲ್ಲ.

ಗೋಡೆ ಬಿದ್ದ ಮೇಲೆ ಬರುವ ಮಂತ್ರಿ, ಮಾಲೆ, ಪರಿಹಾರದ ಚೆಕ್ಕು ನಮಗೆ ಬೇಡ. ಬೀಳುವ ಮುಂಚೆ ಬರುವ ಒಬ್ಬ ಸೆಕ್ಷನ್ ಇಂಜಿನಿಯರು ಸಾಕು. ಅವನು ರಸ್ತೆಯ ಮೇಲೆ ಜೀಪು ನಿಲ್ಲಿಸಿ ಬಗ್ಗಿ ನೋಡಿ ಹೋಗದೆ ಕೇರಿಗೆ ಇಳಿದು ಬರುವಂತೆ ಮಾಡೋಣ. ಕೆಳಗಿನಿಂದ ನಿಂತು ನೋಡಿದರೆ ಮಾತ್ರ ಆ ಗೋಡೆ ಎಷ್ಟು ಎತ್ತರ ಅಂತ ಅವನಿಗೂ ತಿಳಿಯುತ್ತದೆ.

ಜೈಭೀಮ್.